ಕಡಲ ಮೀನಿಗೆ ತಕ್ಕ ರೀಲು, ರೀಲಿಗೆ ತಕ್ಕ ಕೋಲು

ಕೆರೆಯ ದಂಡೆಯಲ್ಲಿ ಕುಳಿತು, ಬಿದಿರುಕೋಲಿನ ತುದಿಗೆ ದಾರವನ್ನೂ ದಾರದ ತುದಿಗೆ ಗಾಳವನ್ನೂ ಕಟ್ಟಿ ಮೀನು ಹಿಡಿಯುವವರನ್ನು ನಾವೆಲ್ಲರೂ ನೋಡಿದ್ದೇವೆ. ಗೇಣುದ್ದದ ಮೀನಿಗೆ ಅಷ್ಟು ಸಲಕರಣೆ ಸಾಕು. ಮೀನು ಎಷ್ಟೇ ಒದ್ದಾಡಿದರೂ ದಾರದ ಬಲ ಅದರ ಬಲಕ್ಕಿಂತ ಹೆಚ್ಚಿನದು. ಕೋಲನ್ನು ಮೇಲೆತ್ತಿದೊಡನೆ ಮೀನು ದಂಡೆಗೆ ಬಂದು ಬೀಳುತ್ತದೆ. ಕಡಲಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಗಾಳವನ್ನು ಕಚ್ಚುವ ಟ್ಯೂನ ಮೀನು ಕೆಲವು ವೇಳೆ ಕೋಲು ಹಿಡಿದು ನಿಂತಿರುವ ಮನುಷ್ಯನಷ್ಟೇ ತೂಕವುಳ್ಳದ್ದಾಗಿರುತ್ತದೆ. ದಾರವನ್ನು ಬಿಗಿಯಾಗಿ ಹಿಡಿದರೆ ದಾರವೇ ಹರಿಯುತ್ತದೆ. ಸಡಿಲಬಿಟ್ಟರೆ ದಾರವೆಲ್ಲ ಮುಗಿದು ಮೀನು ಪಾರಾಗುತ್ತದೆ. ಈ ಎರಡು ಕೇಡುಗಳ ನಡುವಣ ಇಕ್ಕಟ್ಟಿನ ದಾರಿಯಲ್ಲಿ ನಡೆಯುವುದಕ್ಕಾಗಿಯೇ ರೀಲು ಎಂಬ ಯಂತ್ರ ಹುಟ್ಟಿದೆ.

ರೀಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದಾರ ಸುತ್ತಿದ ಉರುಳೆ ಅಲುಗದೆ ನಿಂತಿರುತ್ತದೆ; ದಾರವು ಅದರ ಅಂಚನ್ನು ದಾಟಿ ಕಳಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಉರುಳೆಯು ಕೋಲಿಗೆ ಅಡ್ಡಲಾಗಿ ಅಚ್ಚಿನ ಮೇಲೆ ಕುಳಿತಿದ್ದು, ದಾರ ಹೊರಟಾಗಲೂ ಒಳಬಂದಾಗಲೂ ತಾನೇ ತಿರುಗುತ್ತದೆ. ಗಾಳಿಪಟದ ದಾರದ ಉರುಳೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಎರಡನೆಯದಕ್ಕೆ ಸಾಂಪ್ರದಾಯಿಕ ರೀಲು ಎಂದು ಹೆಸರು. ಇದರಲ್ಲಿ ದಾರವು ಯಾವ ಮೂಲೆಯನ್ನೂ ಸುತ್ತಿ ಬಾಗದೆ ನೇರವಾಗಿ ಉರುಳೆಯನ್ನು ಸೇರುವುದರಿಂದ ಭಾರವಾದ ಎಳೆತಕ್ಕೆ ಇದೇ ಹೆಚ್ಚು ಒಗ್ಗುತ್ತದೆ. ಆದುದರಿಂದ ದೊಡ್ಡ ಕಡಲಮೀನುಗಳ ಬೇಟೆಯಲ್ಲಿ ಇಂದಿಗೂ ಇದಕ್ಕೇ ಅಗ್ರಸ್ಥಾನ. ಇಂಥ ರೀಲನ್ನೂ ಅದಕ್ಕೆ ತಕ್ಕ ಕೋಲನ್ನೂ ಆರಿಸುವುದು ಹೇಗೆ? ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನು ಕೊಳ್ಳುವುದು ಒಂದು ಮಾರ್ಗ. ಬಲ, ಘರ್ಷಣೆ, ಸನ್ನೆ ಇವುಗಳ ಸರಳ ನಿಯಮಗಳನ್ನು ತಿಳಿದು ಕೊಳ್ಳುವುದು ಇನ್ನೊಂದು ಮಾರ್ಗ. ನಾವು ಎರಡನೆಯ ಮಾರ್ಗವನ್ನು ಹಿಡಿಯೋಣ.

ಬೆರಳು ಮುರಿಯುತ್ತಿದ್ದ ಕಾಲ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ತೀರದ ಎದುರಿಗೆ ಸಾಂತಾ ಕ್ಯಾಟಲೀನ ಎಂಬ ದ್ವೀಪವಿದೆ. 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬಾತ ಈ ದ್ವೀಪದ ಬಳಿ ಕೋಲು ರೀಲುಗಳ ನೆರವಿನಿಂದಲೇ 183 ಪೌಂಡು, ಎಂದರೆ ಸುಮಾರು 83 ಕಿಲೋಗ್ರಾಂ ತೂಕದ ನೀಲಿರೆಕ್ಕೆಯ ಟ್ಯೂನ ಮೀನನ್ನು ಹಿಡಿದನು. ಅದೇ ವರ್ಷ ಅಲ್ಲಿನ ಆವಲಾನ್ ಪಟ್ಟಣದಲ್ಲಿ ಟ್ಯೂನ ಕ್ಲಬ್ ಸ್ಥಾಪಿತವಾಯಿತು. ಕಡಲ ಗಾಳಬೇಟೆಯು ಒಂದು ಕ್ರೀಡೆಯಾಗಿ ಬೆಳೆದ ಕಥೆಯಲ್ಲಿ ಈ ದ್ವೀಪಕ್ಕೆ ದೊಡ್ಡ ಸ್ಥಾನವಿದೆ.

ಆ ಕಾಲದ ಸಾಮಾನ್ಯ ರೀಲಿನ ಹಿಡಿಕೆ ಉರುಳೆಗೆ ಬಿಡಿಸಲಾಗದಂತೆ ಜೋಡಿಸಲ್ಪಟ್ಟಿತ್ತು. ಮೀನು ಓಡಿದಾಗ ಉರುಳೆ ತಿರುಗುತ್ತಿತ್ತು. ಉರುಳೆಯೊಡನೆ ಹಿಡಿಕೆಯೂ ಹಿಂದುಮುಂದಾಗಿ ಗಿರ್ರನೆ ತಿರುಗುತ್ತಿತ್ತು. ಅದರ ದಾರಿಗೆ ಅಡ್ಡ ಬಂದ ಬೆರಳಿನ ಗತಿಯನ್ನು ಊಹಿಸಿಕೊಳ್ಳಬಹುದು. ಓಟವನ್ನು ತಡೆಯಲು ಇದ್ದ ಸಾಧನವೆಂದರೆ ಉರುಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿಯುವ ಒಂದು ತುಂಡು ತೊಗಲು. ಎಷ್ಟು ಒತ್ತಬೇಕೆಂಬುದು ಬೇಟೆಗಾರನ ಅಂದಾಜಿಗೆ ಬಿಟ್ಟ ಮಾತಾಗಿತ್ತು.

ವಿಲಿಯಂ ಬೋಶನ್ ಎಂಬ ಬೇಟೆಗಾರನು ಈ ಕಷ್ಟಕ್ಕೆ ಪರಿಹಾರವನ್ನು ಯೋಚಿಸಿದನು. ಹಿಡಿಕೆ ಮುಂದಕ್ಕೆ ಮಾತ್ರ ತಿರುಗಬೇಕು, ಹಿಂದಕ್ಕೆ ತಿರುಗಬಾರದು. ಆದರೆ ಉರುಳೆಯು ನಿಗದಿಯಾದ ಎಳೆತಕ್ಕೆ ಜಾರಿ ದಾರವನ್ನು ಬಿಟ್ಟುಕೊಡಬೇಕು. ಇದಕ್ಕಾಗಿ ಒಂದರ ಮೇಲೊಂದು ಒತ್ತಿಕೊಂಡಿರುವ ಹಲವು ಬಿಲ್ಲೆಗಳ ಘರ್ಷಣೆಯನ್ನು ರೀಲಿನ ಒಳಗೇ ಅಳವಡಿಸಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ರೀಲುಗಳನ್ನು ತಯಾರಿಸುತ್ತಿದ್ದ ಜೂಲಿಯಸ್ ವಾಮ್ ಹೋಫ್ ಈ ಕಲ್ಪನೆಗೆ ರೂಪ ಕೊಟ್ಟನು. 1913ರಲ್ಲಿ ಬೋಶನ್ ಕ್ಯಾಟಲೀನದ ಬಳಿ ಕತ್ತಿಮೀನನ್ನು ಕೋಲು ರೀಲುಗಳಿಂದ ಹಿಡಿದ ಮೊದಲಿಗನೆನಿಸಿದನು. ಇಂದಿನ ಸಾಂಪ್ರದಾಯಿಕ ರೀಲುಗಳು ಹೊರನೋಟಕ್ಕೆ ಎಷ್ಟೇ ಬದಲಾಗಿದ್ದರೂ ಅವುಗಳ ಹೃದಯ ಇದೇ ಜಾರುವ ಬಿಲ್ಲೆಗಳ ಗುಂಪು. ಇದನ್ನು ಡ್ರ್ಯಾಗ್ ಎನ್ನುತ್ತಾರೆ. ನಾವು ತಡೆ ಎಂದು ಕರೆಯೋಣ.

ಮೊದಲು ಮೀನು, ಬಳಿಕ ದಾರ

ಆಯ್ಕೆಯಲ್ಲಿ ಹೊಸಬರು ಮಾಡುವ ತಪ್ಪೆಂದರೆ ಕೋಲಿನಿಂದ ಪ್ರಾರಂಭಿಸುವುದು. ನಿಜವಾಗಿ ಮೀನಿನಿಂದ ಹೊರಟು ಕೈಯ ಕಡೆಗೆ ಬರಬೇಕು. ಮೀನು ದಾರವನ್ನು ನಿರ್ಧರಿಸುತ್ತದೆ. ದಾರವು ತಡೆಯನ್ನು, ತಡೆಯು ರೀಲನ್ನು, ಇವೆಲ್ಲವೂ ಸೇರಿ ಕೋಲನ್ನು ನಿರ್ಧರಿಸುತ್ತವೆ.

ಮೀನಿನ ತೂಕವೊಂದನ್ನು ತಿಳಿದರೆ ಸಾಲದು; ಅದರ ನಡತೆಯನ್ನೂ ತಿಳಿಯಬೇಕು. ಕ್ಯಾಲಿಫೋರ್ನಿಯದ ತೀರದಲ್ಲಿ ಹಳದಿಬಾಲ ಎಂಬ ಮೀನು ಸಿಗುತ್ತದೆ. ಅಲ್ಲಿನ ಸಮುದ್ರತಳದ ಬಂಡೆಗಳಿಗೆ ಅಂಟಿಕೊಂಡು ಕೆಲ್ಪ್ ಎಂಬ ದೈತ್ಯ ಕಡಲಕಳೆಯು ಕಾಡಿನಂತೆ ನೀರಿನ ಮೇಲ್ಮೈಯವರೆಗೆ ಬೆಳೆದಿರುತ್ತದೆ. ಗಾಳ ಕಚ್ಚಿದ ಹಳದಿಬಾಲವು ಬಂಡೆಯ ಸಂದಿಗೋ ಈ ಕಾಡಿಗೋ ನುಗ್ಗುತ್ತದೆ. ಒಳಹೊಕ್ಕರೆ ದಾರ ಸಿಕ್ಕಿಕೊಂಡು ಹರಿಯುವುದು ನಿಶ್ಚಯ. ಅದೇ ತೂಕದ ಟ್ಯೂನ ಮೀನು ತೆರೆದ ಕಡಲಿನ ಓಟಗಾರ. ಅದು ಅಡಗಲು ಹೋಗುವುದಿಲ್ಲ. ಒಂದೇ ಉಸಿರಿಗೆ ನೂರಾರು ಮೀಟರು ಓಡುತ್ತದೆ. ಮೊದಲನೆಯದನ್ನು ಕೆಲವೇ ಮೀಟರುಗಳಲ್ಲಿ ನಿಲ್ಲಿಸಬೇಕು. ಎರಡನೆಯದನ್ನು ಓಡಗೊಟ್ಟು ದಣಿಸಬೇಕು. ಆದುದರಿಂದ 10 ಕಿಲೋಗ್ರಾಂ ತೂಕದ ಹಳದಿಬಾಲಕ್ಕೆ ದಪ್ಪ ದಾರವೂ ಬಿಗಿಯಾದ ತಡೆಯೂ ಬೇಕು. ಅಷ್ಟೇ ತೂಕದ ಟ್ಯೂನಕ್ಕೆ ತುಸು ತೆಳುವಾದರೂ ಬಹಳ ಉದ್ದವಾದ ದಾರ ಬೇಕು.

ದಪ್ಪವೂ ಉದ್ದವೂ ಒಟ್ಟಿಗೆ ಏಕೆ ಬೇಡ ಎಂದು ಕೇಳಬಹುದು. ಉರುಳೆಯಲ್ಲಿರುವ ಸ್ಥಳ ಸೀಮಿತವಾದದ್ದು. ಒಂದೇ ವಸ್ತುವಿನಿಂದ ಮಾಡಿದ ದಾರದ ವ್ಯಾಸ ಇಮ್ಮಡಿಯಾದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಬಲವೂ ಸರಿಸುಮಾರು ನಾಲ್ಮಡಿಯಾಗುತ್ತದೆ, ನಿಜ. ಆದರೆ ಉರುಳೆಯಲ್ಲಿ ಹಿಡಿಸುವ ದಾರದ ಉದ್ದ ಕಾಲುಭಾಗಕ್ಕೆ ಇಳಿಯುತ್ತದೆ. ಎರಡೂ ಬೇಕೆಂದರೆ ದೊಡ್ಡ ರೀಲನ್ನು ಹೊರಬೇಕು. ದಿನವಿಡೀ ಅದನ್ನು ಹೊತ್ತು ನಿಲ್ಲುವ ತೋಳಿಗೆ ಅದರ ಬೆಲೆ ತಿಳಿಯುತ್ತದೆ.

ದಾರದ ವಸ್ತು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಹೋಲ್ಡರನ ಕಾಲದಲ್ಲಿ ಇದ್ದುದು ನಾರಗಸೆಯ ನೂಲಿನ ದಾರ. ಅದನ್ನು ದಿನವೂ ಬಿಚ್ಚಿ ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಕೊಳೆಯದ ನೈಲಾನ್ ಬಳಕೆಗೆ ಬಂದಿತು. 1990ರ ದಶಕದಿಂದೀಚೆಗೆ ಪಾಲಿಎಥಿಲೀನಿನ ಅತಿ ಬಲವಾದ ಎಳೆಗಳನ್ನು ಹೆಣೆದು ಮಾಡಿದ ದಾರ ಪ್ರಚಾರಕ್ಕೆ ಬಂದಿದೆ. ಸಮಾನ ಬಲದ ನೈಲಾನಿಗಿಂತ ಇದು ಬಹಳ ತೆಳುವಾದುದರಿಂದ, ಚಿಕ್ಕ ರೀಲಿನಲ್ಲಿಯೂ ಬೇಕಾದಷ್ಟು ಹಿಡಿಸುತ್ತದೆ. ಆದರೆ ನೈಲಾನಿನಂತೆ ಇದು ಹಿಗ್ಗುವುದಿಲ್ಲ. ಹಿಗ್ಗುವ ದಾರವು ಮೀನಿನ ಹಠಾತ್ ಸೆಳೆತವನ್ನು ಸ್ಪ್ರಿಂಗಿನಂತೆ ತಾಳಿಕೊಳ್ಳುತ್ತದೆ. ಹಿಗ್ಗದ ದಾರದಲ್ಲಿ ಆ ಹೊರೆಯೆಲ್ಲ ತಡೆಯ ಮೇಲೂ ಕೋಲಿನ ಮೇಲೂ ಬೀಳುತ್ತದೆ. ಆದಕಾರಣ ಹೆಣೆದ ದಾರದ ತುದಿಗೆ ಕೆಲವು ಮೀಟರು ನೈಲಾನನ್ನು ಜೋಡಿಸುವ ರೂಢಿಯುಂಟು.

ತಡೆಯ ಗಣಿತ

ಟ್ಯೂನಕ್ಕಾಗಿ 30 ಪೌಂಡಿನ ದಾರವನ್ನು ಆರಿಸಿದೆವೆಂದುಕೊಳ್ಳೋಣ. ಸುಮಾರು 13.5 ಕಿಲೋಗ್ರಾಂ ಎಳೆತಕ್ಕೆ ಇದು ಹರಿಯುತ್ತದೆ. ಹಾಗಾದರೆ ತಡೆಯನ್ನು 13 ಕಿಲೋಗ್ರಾಮಿಗೆ ಬಿಗಿಯಬಹುದೆ? ಸರ್ವಥಾ ಕೂಡದು. ಅನುಭವಿಗಳು ದಾರದ ಬಲದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗಕ್ಕೆ ಬಿಗಿಯುತ್ತಾರೆ. ನಮ್ಮ ದಾರಕ್ಕೆ ಇದು 4 ಕಿಲೋಗ್ರಾಂ ಎಂದಿಟ್ಟುಕೊಳ್ಳಬಹುದು. ಇದು ಅತಿಯಾದ ಎಚ್ಚರಿಕೆಯಲ್ಲ. ಗಂಟು ಹಾಕಿದಲ್ಲಿ ದಾರದ ಬಲ ಕುಂದುತ್ತದೆ. ಕೋಲಿನ ಉಂಗುರಗಳ ಘರ್ಷಣೆ, ಮೀನಿನ ಹಿಂದೆ ನೀರಿನಲ್ಲಿ ಎಳೆದುಕೊಂಡು ಹೋಗುವ ದಾರದ ಮೇಲಣ ನೀರಿನ ಪ್ರತಿರೋಧ, ಇವೂ ಎಳೆತಕ್ಕೆ ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅದು ಕಣ್ಣಿಗೆ ಕಾಣದೆ ಬರುವ ಅಪಾಯ.

ಬಿಲ್ಲೆಗಳ ಘರ್ಷಣೆಯು ಉರುಳೆಯ ಅಚ್ಚಿನ ಸುತ್ತ ಒಂದು ನಿಶ್ಚಿತವಾದ ತಿರುಚುಬಲವನ್ನು ಒಡ್ಡುತ್ತದೆ. ಈ ತಿರುಚುಬಲವನ್ನು ದಾರವಿರುವ ಸುರುಳಿಯ ತ್ರಿಜ್ಯದಿಂದ ಭಾಗಿಸಿದರೆ ದಾರದ ಎಳೆತ ಸಿಗುತ್ತದೆ. ಉರುಳೆ ತುಂಬಿರುವಾಗ ಸುರುಳಿಯ ವ್ಯಾಸ 6 ಸೆಂಟಿಮೀಟರು ಇದ್ದು ತಡೆ 4 ಕಿಲೋಗ್ರಾಂ ಇರಲಿ. ಮೀನು ಓಡಿ ಓಡಿ ಸುರುಳಿಯ ವ್ಯಾಸ 4 ಸೆಂಟಿಮೀಟರಿಗೆ ಇಳಿದಾಗ ಎಳೆತ 6 ಕಿಲೋಗ್ರಾಂ ಆಗುತ್ತದೆ. 3 ಸೆಂಟಿಮೀಟರಿಗೆ ಇಳಿದಾಗ 8 ಕಿಲೋಗ್ರಾಂ! ಬೇಟೆಗಾರನು ರೀಲನ್ನು ಮುಟ್ಟಿಯೇ ಇಲ್ಲ. ಆದರೂ ಬಿಗಿತ ಇಮ್ಮಡಿಯಾಗಿದೆ. ಮೀನು ದೂರ ಹೋದಷ್ಟೂ ಹೆದರಿ ತಡೆಯನ್ನು ಇನ್ನಷ್ಟು ಬಿಗಿಯುವ ಹೊಸಬನು ಮೀನನ್ನು ಕಳೆದುಕೊಳ್ಳುವುದು ಇದರಿಂದಲೇ. ಬಲ್ಲವನು ಆ ಹೊತ್ತಿನಲ್ಲಿ ತಡೆಯನ್ನು ತುಸು ಸಡಿಲಿಸುತ್ತಾನೆ.

ಈ ನಿಯಮವನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ದಾರ ಸುತ್ತಿದ ಉರುಳೆಯೊಂದನ್ನು ಕಡ್ಡಿಗೆ ಪೋಣಿಸಿ, ಅದರ ಎರಡು ಪಕ್ಕಗಳನ್ನು ರಟ್ಟಿನ ಬಿಲ್ಲೆಗಳಿಂದ ಒಂದೇ ಸಮನಾಗಿ ಒತ್ತಿಹಿಡಿಯುವಂತೆ ಮಾಡಿ, ದಾರದ ತುದಿಯನ್ನು ಸ್ಪ್ರಿಂಗ್ ತ್ರಾಸಿಗೆ ಕಟ್ಟಿ ಮೆಲ್ಲಗೆ ಎಳೆಯಿರಿ. ಉರುಳೆ ತುಂಬಿರುವಾಗ ಬಂದ ಅಂಕೆಯನ್ನೂ ಬರಿದಾಗುತ್ತ ಬಂದಾಗಿನ ಅಂಕೆಯನ್ನೂ ಹೋಲಿಸಿದರೆ ಸಾಕು. ರೀಲಿನ ತಡೆಯನ್ನು ಸರಿಯಾದ ಬಿಗಿತಕ್ಕೆ ತರುವುದೂ ಇಂಥ ತ್ರಾಸಿನಿಂದಲೇ.

ತಡೆಯ ಇನ್ನೊಂದು ಶತ್ರು ಉಷ್ಣ. 4 ಕಿಲೋಗ್ರಾಂ ಎಳೆತವೆಂದರೆ ಸುಮಾರು 40 ನ್ಯೂಟನ್. ಈ ಎಳೆತದ ವಿರುದ್ಧ ಮೀನು 200 ಮೀಟರು ಓಡಿದರೆ 8,000 ಜೂಲ್ ಶಕ್ತಿ ಬಿಲ್ಲೆಗಳಲ್ಲಿ ಉಷ್ಣವಾಗಿ ಮಾರ್ಪಡುತ್ತದೆ. ಇದು 100 ಗ್ರಾಂ ಅಲ್ಯುಮಿನಿಯಮ್ಮಿನ ಉಷ್ಣತೆಯನ್ನು ಸುಮಾರು 90 ಸೆಲ್ಸಿಯಸ್ ಡಿಗ್ರಿಗಳಷ್ಟು ಏರಿಸಲು ಸಾಕಾಗುವ ಶಕ್ತಿ. ಬಿಲ್ಲೆಗಳು ಕಾದಂತೆ ಕೆಲವು ವಸ್ತುಗಳ ಘರ್ಷಣೆ ಬದಲಾಗುತ್ತದೆ. ತಡೆಯು ಒಮ್ಮೆ ಜಾರಿ ಒಮ್ಮೆ ಕಚ್ಚಿಕೊಂಡು ತೊದಲತೊಡಗುತ್ತದೆ. ಒಂದೊಂದು ಕಚ್ಚುವಿಕೆಯೂ ದಾರಕ್ಕೆ ಒಂದೊಂದು ಏಟು. ಹಿಂದೆ ಬಿಲ್ಲೆಗಳಿಗೆ ತೊಗಲನ್ನು ಬಳಸುತ್ತಿದ್ದರು. ಇಂದಿನ ಒಳ್ಳೆಯ ರೀಲುಗಳಲ್ಲಿ ಉಷ್ಣವನ್ನು ತಾಳುವ ಇಂಗಾಲದ ನಾರಿನ ಬಿಲ್ಲೆಗಳಿರುತ್ತವೆ. ಅಂಗಡಿಯಲ್ಲಿ ರೀಲನ್ನು ಪರೀಕ್ಷಿಸುವಾಗ ತಡೆ ಎಷ್ಟು ಬಿಗಿಯಾಗುತ್ತದೆ ಎಂದು ನೋಡುವುದಕ್ಕಿಂತ, ಎಷ್ಟು ನಯವಾಗಿ ಜಾರಲು ಪ್ರಾರಂಭಿಸುತ್ತದೆ ಎಂದು ನೋಡುವುದು ಮುಖ್ಯ. ನಿಂತ ವಸ್ತುವನ್ನು ಕದಲಿಸುವುದು ಕದಲಿದ ವಸ್ತುವನ್ನು ನಡೆಸುವುದಕ್ಕಿಂತ ಕಷ್ಟ. ಈ ಎರಡು ಘರ್ಷಣೆಗಳ ಅಂತರ ಕಡಿಮೆಯಿದ್ದಷ್ಟೂ ತಡೆ ಒಳ್ಳೆಯದು.

ವೇಗವೋ ಬಲವೋ

ರೀಲಿನ ಮೇಲೆ 6:1, 3:1 ಎಂಬಂತಹ ಅಂಕೆಗಳನ್ನು ಬರೆದಿರುತ್ತಾರೆ. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಹಲ್ಲುಗಾಲಿಗಳ ಮೂಲಕ ಉರುಳೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಇವು ಸೂಚಿಸುತ್ತವೆ. ಸುರುಳಿಯ ವ್ಯಾಸ 5 ಸೆಂಟಿಮೀಟರು ಇದ್ದರೆ, 6:1ರ ರೀಲು ಒಂದು ಸುತ್ತಿಗೆ ಸುಮಾರು 94 ಸೆಂಟಿಮೀಟರು ದಾರವನ್ನು ಒಳಕ್ಕೆ ಎಳೆಯುತ್ತದೆ. 3:1ರ ರೀಲು ಅದರ ಅರ್ಧವನ್ನು ಮಾತ್ರ. ಮೊದಲನೆಯದೇ ಮೇಲೆಂದು ತೋರಬಹುದು. ಆದರೆ ಪ್ರಕೃತಿ ಯಾರಿಗೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಹಿಡಿಕೆಯ ತೋಳು 10 ಸೆಂಟಿಮೀಟರು ಉದ್ದವಿದ್ದು, ಮೀನಿನ ಎಳೆತ 6 ಕಿಲೋಗ್ರಾಂ ಇದ್ದರೆ, 3:1ರ ಹಿಡಿಕೆಯನ್ನು ತಿರುಗಿಸಲು 4.5 ಕಿಲೋಗ್ರಾಂ ಬಲ ಸಾಕು. 6:1ರ ಹಿಡಿಕೆಗೆ 9 ಕಿಲೋಗ್ರಾಂ ಬೇಕು.

ಆದುದರಿಂದ ಲೋಹದ ಹುಸಿಮೀನನ್ನು ಎಸೆದು ವೇಗವಾಗಿ ಎಳೆಯುತ್ತ ಹಳದಿಬಾಲವನ್ನು ಕೆಣಕುವವನಿಗೆ ಹೆಚ್ಚು ಅನುಪಾತದ ರೀಲು ಸರಿ. ಆಳದಲ್ಲಿ ಸುತ್ತುತ್ತ ಜಗ್ಗುವ ದೊಡ್ಡ ಟ್ಯೂನವನ್ನು ಅಂಗುಲ ಅಂಗುಲವಾಗಿ ಮೇಲೆತ್ತುವವನಿಗೆ ಕಡಿಮೆ ಅನುಪಾತದ್ದೇ ಸರಿ. ಎರಡನ್ನೂ ಬಯಸುವವರಿಗಾಗಿ ಒಂದು ಗುಂಡಿಯನ್ನೊತ್ತಿ ಅನುಪಾತವನ್ನು ಬದಲಿಸಬಹುದಾದ ರೀಲುಗಳೂ ಇವೆ. ಬೈಸಿಕಲ್ಲಿನಲ್ಲಿ ಏರು ಬಂದಾಗ ಗೇರನ್ನು ಬದಲಿಸುವಂತೆಯೇ ಇದು.

ಕೋಲು ಯಾರ ಪಕ್ಷ?

ಈಗ ಕೋಲಿನ ಸರದಿ. ಉದ್ದವಾದ ಕೋಲು ಬೇಟೆಗಾರನಿಗೆ ಬಲ ಕೊಡುತ್ತದೆಂದು ಅನೇಕರು ಭಾವಿಸುತ್ತಾರೆ. ಸನ್ನೆಯ ನಿಯಮ ಇದಕ್ಕೆ ವಿರುದ್ಧವಾಗಿದೆ. ಕೋಲಿನ ಬುಡ ಬೇಟೆಗಾರನ ನಡುಪಟ್ಟಿಗೆ ಆನಿಕೊಂಡಿದೆ. ಅದೇ ಸನ್ನೆಯ ಆಧಾರ. ಬುಡದಿಂದ 70 ಸೆಂಟಿಮೀಟರು ದೂರದಲ್ಲಿ ಅವನ ಕೈಯಿದೆ. ತುದಿಯಲ್ಲಿ ಮೀನು ಎಳೆಯುತ್ತಿದೆ. ಕೋಲು 210 ಸೆಂಟಿಮೀಟರು ಉದ್ದವಿದ್ದು, ಮೀನು 4 ಕಿಲೋಗ್ರಾಂ ಬಲದಿಂದ ಅಡ್ಡಲಾಗಿ ಎಳೆದರೆ, ಕೈಯ ಮೇಲೆ 12 ಕಿಲೋಗ್ರಾಂ ಹೊರೆ ಬೀಳುತ್ತದೆ. ಕೋಲು 165 ಸೆಂಟಿಮೀಟರಾದರೆ ಹೊರೆ ಸುಮಾರು 9.4 ಕಿಲೋಗ್ರಾಂ. ಉದ್ದದ ಕೋಲು ಮೀನಿನ ಪಕ್ಷ, ಗಿಡ್ಡಕೋಲು ಮನುಷ್ಯನ ಪಕ್ಷ!

ಹಾಗಿದ್ದರೆ ಉದ್ದದ ಕೋಲನ್ನು ಏಕೆ ಮಾಡುತ್ತಾರೆ? ಎಸೆಯುವಾಗ ಉದ್ದದ ಕೋಲಿನ ತುದಿ ಹೆಚ್ಚು ವೇಗವಾಗಿ ಬೀಸುತ್ತದೆ. ಗಾಳ ದೂರಕ್ಕೆ ಹೋಗುತ್ತದೆ. ದಡದ ಮರಳಿನ ಮೇಲೆ ನಿಂತು ಅಲೆಗಳಾಚೆಗೆ ಎಸೆಯುವವನಿಗೆ ಮೂರೂವರೆ ಮೀಟರಿನ ಕೋಲು ಬೇಕಾಗುತ್ತದೆ. ದೋಣಿಯಿಂದ ಸಜೀವ ಮೀನನ್ನೇ ಎರೆಯಾಗಿ ಎಸೆಯುವವನಿಗೆ ಎರಡು ಮೀಟರಿನಷ್ಟು ಸಾಕು. ದೋಣಿಯ ಕೆಳಗೆ ನೇರವಾಗಿ ದಾರವಿಳಿಸಿ ಭಾರವನ್ನು ಎತ್ತುವವನಿಗೆ ಅದಕ್ಕಿಂತ ಗಿಡ್ಡದಾದರೆ ಇನ್ನೂ ಲೇಸು. ಚೆನ್ನಾದ ಕೋಲಿನ ತುದಿ ಸುಲಭವಾಗಿ ಬಾಗಿ ಸೆಳೆತವನ್ನು ತಾಳುತ್ತದೆ. ಬುಡ ಗಟ್ಟಿಯಾಗಿದ್ದು ಮೀನನ್ನು ಎತ್ತುತ್ತದೆ. ಕೋಲು ಬಾಗಿದಂತೆಲ್ಲ ಎಳೆತದ ರೇಖೆ ಕೈಗೆ ಹತ್ತಿರವಾಗಿ ಸನ್ನೆಯ ಉದ್ದವೂ ಕುಗ್ಗುವುದರಿಂದ ಕೈಗೆ ಅಷ್ಟು ವಿಶ್ರಾಂತಿ ಸಿಗುತ್ತದೆ. ಗಾಜಿನ ನಾರಿನ ಕೋಲು ಭಾರವಾದರೂ ಏಟನ್ನು ತಾಳಿಕೊಳ್ಳುವ ಗಟ್ಟಿಗ. ಇಂಗಾಲದ ನಾರಿನ ಕೋಲು ಹಗುರ ಮತ್ತು ಚುರುಕು, ಆದರೆ ದೋಣಿಯ ಅಂಚಿಗೆ ಬಡಿದರೆ ಮುರಿಯುವ ಭಯ ಹೆಚ್ಚು.

ಸಾಂಪ್ರದಾಯಿಕ ರೀಲು ಕೋಲಿನ ಮೇಲ್ಬದಿಯಲ್ಲಿ ಕೂರುತ್ತದೆ. ಉಂಗುರಗಳೂ ಮೇಲ್ಬದಿಯಲ್ಲಿಯೇ ಇರುತ್ತವೆ. ಕೋಲು ಕೆಳಕ್ಕೆ ಬಾಗಿದಾಗ ಉಂಗುರಗಳು ವಿರಳವಾಗಿದ್ದರೆ ದಾರವು ಕೋಲಿಗೇ ಉಜ್ಜಿ ಸವೆಯುತ್ತದೆ. ಆದುದರಿಂದ ಕೊಳ್ಳುವ ಮುನ್ನ ರೀಲನ್ನು ಕೂರಿಸಿ, ದಾರ ಪೋಣಿಸಿ, ಒಬ್ಬರು ದಾರವನ್ನು ಜಗ್ಗಿ ಕೋಲನ್ನು ಬಾಗಿಸಿ ನೋಡಬೇಕು. ಕೋಲಿನ ಬುಡದಲ್ಲಿ ಎಷ್ಟರಿಂದ ಎಷ್ಟು ಪೌಂಡಿನ ದಾರಕ್ಕೆ ಅದು ಯೋಗ್ಯವೆಂದು ಬರೆದಿರುತ್ತದೆ. ನಾವು ಆರಿಸಿದ ದಾರ ಆ ಮಿತಿಗಳ ನಡುವೆ ಇರಬೇಕು.

ಹೆಬ್ಬೆರಳೂ ಉಪ್ಪುನೀರೂ

ಈ ಬಗೆಯ ರೀಲಿಗೆ ಒಂದು ಕುಂದುಂಟು. ಎಸೆದ ಗಾಳವು ಗಾಳಿಯ ತಡೆಯಿಂದ ನಿಧಾನವಾದರೂ ಉರುಳೆಯು ಜಡತ್ವದಿಂದ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಹೊರಹೋಗುವುದಕ್ಕಿಂತ ಹೆಚ್ಚು ದಾರ ಬಿಚ್ಚಿಕೊಂಡು ಹಕ್ಕಿಯ ಗೂಡಿನಂತೆ ಸಿಕ್ಕಾಗುತ್ತದೆ. ಹಗುರವಾದ ಕಿರಿದಾದ ಉರುಳೆಯ ಜಡತ್ವ ಕಡಿಮೆ. ಕೆಲವು ರೀಲುಗಳಲ್ಲಿ ವೇಗ ಹೆಚ್ಚಿದಂತೆ ತಾವೇ ಬಿಗಿಯುವ ಅಯಸ್ಕಾಂತದ ತಡೆಗಳಿರುತ್ತವೆ. ಆದರೂ ಕೊನೆಗೆ ಕಲಿಯಬೇಕಾದುದು ಹೆಬ್ಬೆರಳೇ.

ಉಪ್ಪುನೀರು ಲೋಹಗಳ ಶತ್ರು. ಸಮುದ್ರದ ನೀರಿನ ತೂಕದಲ್ಲಿ ನೂರಕ್ಕೆ ಸುಮಾರು 3.5 ಭಾಗ ಲವಣಗಳಿವೆ. ಇಂಥ ನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅದೊಂದು ವಿದ್ಯುತ್ಕೋಶವೇ ಆಗಿ, ಅವುಗಳಲ್ಲಿ ಒಂದು ಸವೆಯತೊಡಗುತ್ತದೆ. ಕಂಚು, ತುಕ್ಕುಹಿಡಿಯದ ಉಕ್ಕು, ಮೇಲ್ಮೈಗೆ ರಕ್ಷಣೆಯ ಪೊರೆ ಕೊಟ್ಟ ಅಲ್ಯುಮಿನಿಯಂ ಇವುಗಳಿಂದ ಮಾಡಿದ ರೀಲನ್ನೇ ಕೊಳ್ಳಬೇಕು. ಬೇಟೆ ಮುಗಿದೊಡನೆ ಸಿಹಿನೀರಿನಿಂದ ಮೆಲ್ಲಗೆ ತೊಳೆಯಬೇಕು. ಬಿಲ್ಲೆಗಳು ಒತ್ತಿಕೊಂಡೇ ಉಳಿಯದಂತೆ ತಡೆಯನ್ನು ಸಡಿಲಿಸಿ ಇಡಬೇಕು.

ಇಷ್ಟೆಲ್ಲ ಲೆಕ್ಕ ಏತಕ್ಕೆ ಎನ್ನುವವರಿಗೆ ಒಂದು ಮಾತು. ತಪ್ಪು ಆಯ್ಕೆಯಿಂದ ನಷ್ಟವಾಗುವುದು ಬೇಟೆಗಾರನ ಹಣ ಮಾತ್ರವಲ್ಲ. ದಾರ ಹರಿದಾಗ ಮೀನು ಬಾಯಲ್ಲಿ ಗಾಳವನ್ನೂ ಹಿಂದೆ ನೂರಾರು ಮೀಟರು ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಆ ದಾರ ಎಲ್ಲಿಯಾದರೂ ಸಿಕ್ಕಿಕೊಂಡರೆ ಅದರ ಬದುಕು ಮುಗಿದಂತೆ. ತೀರ ದುರ್ಬಲವಾದ ಸಲಕರಣೆಯಿಂದ ಗಂಟೆಗಟ್ಟಲೆ ದಣಿಸಿದ ಮೀನನ್ನು ಮರಳಿ ಕಡಲಿಗೆ ಬಿಟ್ಟರೂ ಅದು ಚೇತರಿಸಿಕೊಳ್ಳದೆ ಸಾಯುವುದುಂಟು. ಮೀನನ್ನು ಬೇಗ ದೋಣಿಯ ಬಳಿಗೆ ತರುವಷ್ಟು ಬಲವೂ, ಆ ಬಲಕ್ಕೆ ದಾರ ಹರಿಯದಷ್ಟು ನಯವೂ ಇರುವ ಸಲಕರಣೆಯೇ ಹಿಡಿಯುವವನಿಗೂ ಹಿಡಿಯಲ್ಪಟ್ಟ ಮೀನಿಗೂ ಒಳಿತು.

ನಮ್ಮ ಕರಾವಳಿಯಲ್ಲಿ ರೀಲಿಲ್ಲದೆ ಬರಿಗೈಯ ದಾರದಿಂದಲೇ ಅಂಜಲ್ ಮೀನನ್ನು ಹಿಡಿಯುವ ಬೆಸ್ತನು ಈ ಗಣಿತವನ್ನು ಬರೆದವನಲ್ಲ. ಆದರೆ ಮೀನು ಸೆಳೆದಾಗ ಅವನ ಅಂಗೈ ಎಷ್ಟು ಬಿಡಬೇಕೋ ಅಷ್ಟು ದಾರವನ್ನು ಬಿಡುತ್ತದೆ. ಮೀನು ಸೋತಾಗ ಎಷ್ಟು ಎಳೆಯಬೇಕೋ ಅಷ್ಟನ್ನು ಎಳೆಯುತ್ತದೆ. ಅವನ ಅಂಗೈಯೇ ತಡೆ, ತೋಳೇ ಕೋಲು. ಜಗತ್ತಿನ ಅತ್ಯುತ್ತಮ ರೀಲು ಮಾಡಲು ಹವಣಿಸುತ್ತಿರುವುದೂ ಆ ಅಂಗೈಯ ಕೆಲಸವನ್ನೇ. ಅಂಗಡಿಯಲ್ಲಿ ರೀಲನ್ನು ಕೈಗೆತ್ತಿಕೊಂಡಾಗ ಇದನ್ನು ನೆನೆದರೆ ಆಯ್ಕೆಯಲ್ಲಿ ತಪ್ಪುವ ಸಂಭವ ಕಡಿಮೆ.